ಹನ್ನೊಂದಕ್ಕೆ ತೆರೆಯಬೇಕಿದ್ದ ಲಿಂಕ್

ಮೊದಲು ನನ್ನ ಲ್ಯಾಪ್‌ಟಾಪ್ ಬಿತ್ತು.

ಗಜೇಂದ್ರಗಡದ ಗುಡ್ಡದಂಚು. ಒಂದು ಕಲ್ಲಿಗೆ ಬಡಿದು, ಇನ್ನೊಂದಕ್ಕೆ ಬಡಿದು... ಸದ್ದು ನಿಂತಿತು. ನನ್ನ ಕಾಲರ್ ಪ್ರಭುಲಿಂಗಪ್ಪ ಸಾಹುಕಾರನ ಆಳಿನ ಮುಷ್ಟಿಯಲ್ಲಿತ್ತು. ನನ್ನ ಫೋನ್ ಸಾಹುಕಾರನ ಕೈಯಲ್ಲಿ.

"ಮುಂದಿನ ಪಾಳಿ ನಿಂದು," ಅಂದ ಸಾಹುಕಾರ.

"ನನ್ನ ದೂಡಿದ್ರೂ ವಿಡಿಯೊ ಹೋಗೂದಿಲ್ರಿ."

ನನ್ನ ಪತ್ತೇದಾರಿ ದಂಧೆಯಲ್ಲಿ ಹೆದರಿಕೆ ತೋರಿಸಿದರೆ ಗಿರಾಕಿ ಬರುವುದಿಲ್ಲ.

ವಿಷಯ ಇಷ್ಟು, ಕೇಳಿ. ಕೊಣ್ಣೂರಿನ ಸೇತುವೆ ಮೇಲೆ ಕಾರು ಹಾಯಿಸಿ ಒಬ್ಬ ಹೆಂಗಸನ್ನು ಕೊಂದವನು ಸಾಹುಕಾರನ ಮಗ. ಜೈಲಿನಲ್ಲಿರುವವನು ಅವರ ಡ್ರೈವರ್ ರಮಜಾನಸಾಬ. ಇವತ್ತು ಹನ್ನೊಂದಕ್ಕೆ ನರಗುಂದದ ಕೋರ್ಟಿನಲ್ಲಿ ಅವನ ವಕೀಲೆ ಅಫ್ರೀನ ನಾನು ಕೊಟ್ಟ ಲಿಂಕ್ ತೆರೆಯಬೇಕು. ತೆರೆಯದಿದ್ದರೆ ರಮಜಾನಸಾಬ ಒಳಗೇ ಕೊಳೆಯುತ್ತಾನೆ.

ಕಾರು ನಡೆಸುತ್ತಿದ್ದ ಮಗನ ಮುಖ ಕಾಣುವ ಆ ವಿಡಿಯೊ ಇದ್ದದ್ದು ಎರಡೇ ಕಂಪ್ಯೂಟರಿನಲ್ಲಿ. ಒಂದು ನನ್ನದು. ಇನ್ನೊಂದು ರೋಣದಲ್ಲಿ, ನನ್ನ ಗೆಳೆಯ ಸಿದ್ದಾರೂಢನದು. ಲಿಂಕ್ ಒತ್ತಿದರೆ ಗೇಟ್‌ವೇ ಅನ್ನುವ ವೆಬ್‌ಸೈಟು, ಚಾಲೂ ಇರುವ ಮಷೀನಿನಿಂದ ತಂದು ತೋರಿಸುತ್ತದೆ. ಎರಡೂ ಬಂದಾದರೆ... ಖಾಲಿ ಸ್ಕ್ರೀನು.

"ರೋಣದಾಗ ಇನ್ನೊಂದು ಮಷೀನ್ ಐತ್ರಿ," ಅಂದೆ.

ಸಾಹುಕಾರ ನಕ್ಕ. "ಸಿದ್ದಾರೂಢಂದಲ್ಲ? ಹತ್ತಕ್ಕ ಅಳಿಸ್ಯಾನ. ಲ್ಯಾಪ್‌ಟಾಪ್ ತಗೊಂಡು ಗುಡ್ಡಕ್ಕ ಬಾ ಅಂತ ನಿನ್ನ ಯಾಕ ಕರದಾನಂತ ತಿಳ್ಕೊಂಡಿದ್ದಿ?"

ಸಿದ್ದಾರೂಢ. ಒಂದೇ ಬೆಂಚಿನಲ್ಲಿ ಕೂತು ಓದಿದವನು. ನನ್ನ ಮದುವೆಯಲ್ಲಿ ಸೊಂಟಕ್ಕೆ ಟವೆಲ್ ಕಟ್ಟಿ ಬಡಿಸಿದವನು. ಎದೆ ಉರಿಯಿತು. ಗುಡ್ಡದ ಭಯ ಮರೆತೇಹೋಯಿತು.

"ಏನು ಕೊಟ್ರಿ ಅವಗ?"

"ಅವನ ಮಗಳಿಗೆ ನಮ್ಮ ಕಾಲೇಜಿನ್ಯಾಗ ಸೀಟು."

ಒಂದು ಸೀಟು!

"ವಿಡಿಯೊದಾಗ ನಿಮ್ಮ ಮಗನ ಅದಾನಂತ ಹ್ಯಾಂಗ ಗೊತ್ತಾತ್ರಿ?"

"ಅಳಿಸೂಕಿಂತ ಮೊದಲ ಅದ ಲಿಂಕ್ ನನಗ ಕಳಿಸಿದ್ದ. ಪೂರಾ ನೋಡೀನಿ. ನಾಕ ಸಲ."

ಹನ್ನೊಂದು ಹತ್ತು. ನನ್ನ ಫೋನ್ ಹೊಡೆದುಕೊಂಡಿತು. ಅಫ್ರೀನ. ಅವಳ ಅಳು ಕೇಳುವ ಆಸೆಗೆ ಸಾಹುಕಾರ ಸ್ಪೀಕರ್ ಹಾಕಿದ.

"ವಿಡಿಯೊ ಓಪನ್ ಆತ್ರಿ. ಜಡ್ಜ್ ಸಾಹೇಬ್ರು ನೋಡಿದ್ರು. ಕಾಪಿನೂ ತಗೊಂಡ್ರು."

ಸಾಹುಕಾರನ ಮುಖದ ಬಣ್ಣ ಇಳಿಯಿತು. "ಎರಡೂ ಮಷೀನ್ ಇಲ್ಲ... ಹ್ಯಾಂಗ?"

"ನೀವು ನೋಡಿದ್ರೆಲ್ಲ. ಒಮ್ಮೆ ತಂದು ತೋರಿಸಿದ್ದನ್ನ ಗೇಟ್‌ವೇ ಸ್ವಲ್ಪ ಹೊತ್ತು ತನ್ನ ಹಂತ್ಯಾಕ ಇಟ್ಕೋತೈತ್ರಿ."

ಅಫ್ರೀನ ಇನ್ನೂ ಲೈನಿನಲ್ಲಿದ್ದಳು. ಆಳಿನ ಮುಷ್ಟಿ ತಾನಾಗಿ ಸಡಿಲಾಯಿತು. ವಕೀಲೆ ಕೇಳುತ್ತಿರುವಾಗ ಯಾರು ಕೊಲೆ ಮಾಡುತ್ತಾರೆ?

ಫೋನ್ ಕಿತ್ತುಕೊಂಡು ಇಳಿದೆ. ಅರ್ಧ ದಾರಿಯಲ್ಲಿ ಮತ್ತೆ ಕಾಲ್. ಸಿದ್ದಾರೂಢ.

"ಎಲ್ಲಿದ್ದಿಯೋ ದೋಸ್ತ... ಆರಾಮ?"

"ಆರಾಮ. ಪ್ರಭುಲಿಂಗಪ್ಪ ಸಾಹುಕಾರ ಭಾಳ ಸಹಾಯ ಮಾಡಿದ. ದೋಸ್ತ ಅಂದ್ರ ಹಂಗಿರಬೇಕು ನೋಡು."