ಎಡೆಗಿಟ್ಟ ಸಿಗಾರ್

ಹೋದ ಮಹಾಲಯ ಅಮಾವಾಸ್ಯೆಯಂದು ಬಿನ್ನಿಪೇಟೆಯ ನಮ್ಮ ಮನೆಯಲ್ಲಿ ಹಾಡಹಗಲೇ ನಡೆದದ್ದಿದು. ತೀರಿಹೋದ ನನ್ನ ಗಂಡನ ಎಡೆಗೆ ಮಾಂಸದ ಸಾರು, ಬ್ರಾಂದಿ, ಬೀಡಿ ಇಡುವುದು ವಾಡಿಕೆ. ಈ ಸಲ ಮೊಮ್ಮಗಳು ಪೂಜಿತಾ ದಪ್ಪನೆಯ ಸಿಗಾರನ್ನೂ ತಂದಳು.

"ಕ್ಯೂಬಾದ್ದು ಅಜ್ಜಿ! ತಾತ ಇನ್ನೂ ಎಷ್ಟು ವರ್ಷ ಬೀಡೀನೇ ಸೇದ್ತಾರೆ?"

ಹಿಂದೊಮ್ಮೆ ನಾನು ಬೀಡಿ ಸೇದಿದ್ದಕ್ಕೆ ಅವನು ನನ್ನ ಅಂಗೈ ಸುಟ್ಟಿದ್ದ. ಅಂದಿನಿಂದ ಉಳಿದಿದ್ದ ಹೆದರಿಕೆಯನ್ನು ಈ ಅಮಾವಾಸ್ಯೆಗೆ ಮುಗಿಸಬೇಕೆಂದು, ಎಲ್ಲರೂ ಹೊರಗಿದ್ದಾಗ, ಅಡಕತ್ತರಿಯಲ್ಲಿ ಸಿಗಾರಿನ ತುದಿ ಕತ್ತರಿಸಿ ಹಚ್ಚಿದೆ. ಎಡೆಯದ್ದನ್ನು ಎಂಜಲು ಮಾಡಬಾರದೆಂದು ಗೊತ್ತಿದ್ದೇ ಸೇದಿದೆ. ಮೊದಲು ಸುಟ್ಟ ಬೆಲ್ಲದ ರುಚಿ ಬಂತು. ಆಮೇಲೆ ಹೊಗೆ ಬಾಯೊಳಗೇ ಮಡಕೆಯ ನೀರಿನಷ್ಟು ತಣ್ಣಗಾಯಿತು. ಊದಿದರೆ ಮೇಲಕ್ಕೇಳದೆ, ನೆಲದ ಮೇಲೆ ಅವನ ಫೋಟೋದ ಕಡೆಗೆ ಹರಿಯಿತು. ಅಲ್ಲಿಂದ ಅವನ ಕೆಮ್ಮು ಕೇಳಿಸಿತು.

"ಕೆಮ್ಮು, ಕೆಮ್ಮು. ಮೊದಲ ದಮ್ಮು ನಂದೇ ಕಣಯ್ಯಾ. ಬೇಕಿದ್ರೆ ನನ್ನ ಎಂಜಲು ಸೇದು" ಎಂದೆ. ಇನ್ನೆರಡು ದಮ್ಮೆಳೆದು, ಕೆಂಡವನ್ನು ನೀರಿನಲ್ಲಿ ಅದ್ದಿ ಆರಿಸಿ, ಎಲೆಯ ಮೇಲಿಟ್ಟು, ಸತ್ತವರು ಬಂದು ಉಣ್ಣಲೆಂದು ಪದ್ಧತಿಯಂತೆ ಬಾಗಿಲು ಹಾಕಿಕೊಂಡು ಬಂದೆ.

ಸ್ವಲ್ಪ ಹೊತ್ತಿನ ಮೇಲೆ ಮೂರು ಸಲ ಬಾಗಿಲು ತಟ್ಟಿ ಎಲ್ಲರೂ ಒಳಗೆ ಹೋದೆವು. ಬೀಡಿ ಹಾಗೇ ಇತ್ತು. ಸಿಗಾರ್ ಅರ್ಧ ಉರಿದು ಇನ್ನೂ ಹೊಗೆಯಾಡುತ್ತಿತ್ತು. ಬಾಯಿಗಿಡುವ ತುದಿಯಲ್ಲಿ ಹಲ್ಲಿನ ಗುರುತುಗಳಿದ್ದವು. ನನ್ನ ಬಾಯಲ್ಲಿ ಒಂದು ಹಲ್ಲೂ ಇಲ್ಲ.