ಗುರವ್ವನ ಕೊಳ್ಳಾಗಿನ ಹಾರ

ಸತ್ತವರ ಫೋಟೋ ತೆಗಿಯೂದು ಹಗುರ; ಅವರು ಅಲಗಾಡೂದಿಲ್ಲ. ಐವತ್ತಾರನೇ ಇಸವಿಯಾಗ ಮುಶಿಗೇರಿಯ ಗುರವ್ವ ತೀರಿಕೊಂಡಾಗ, ಮಣ್ಣಿಗೆ ಒಯ್ಯೂ ಮದಲ ಚೆಂಡುಹೂವಿನ ಹಾರ ಹಾಕಿ ಪಡಸಾಲಿಯೊಳಗ ಕೂಡಿಸಿದ್ದರು. ಮಗ ಅಂದಾನಪ್ಪ ಬಾಜೂಕ ಕೂತಿದ್ದ. ಬೆಳಕು ಕಡಿಮಿ ಇತ್ತಂತ ಕ್ಯಾಮೆರಾ ಭಾಳ ಹೊತ್ತು ತೆರದಿಟ್ಟೆ; ಅಷ್ಟರಾಗ ಅಲಗಾಡಿದ್ದು ಎರಡೆರಡಾಗಿ ಬೀಳತೈತಿ.

ಮರುದಿನ ಗಜೇಂದ್ರಗಡದ ನನ್ನ ಕತ್ತಲಕೋಣ್ಯಾಗ ಪ್ರಿಂಟ್ ಹಾಕಿದೆ. ಸಾಫ್ಟ್ ಪೇಪರಿನ ಮ್ಯಾಲ ಗ್ವಾಡಿ, ಮಾರಿ, ಹೂವು ಎಲ್ಲಾ ಒಂದೇ ಬೂದಿ ಬಣ್ಣ. ಕಪ್ಪು ಬಿಳುಪು ಎದ್ದು ಕಾಣಲಿ ಅಂತ ಹಾರ್ಡ್ ಪೇಪರ್ ತಗೊಂಡೆ. ಗುರವ್ವನ ಮಾರಿ ಕರ್ರಗಾಗಬಾರದಂತ ಪೇಪರಿನ ಮ್ಯಾಲ ಬೀಳೂ ಬೆಳಕಿಗೆ ಅಂಗೈ ಅಡ್ಡ ಹಿಡದೆ. ಅಂಗೈಗೆ ಬೆಚ್ಚನ್ನ ಗಾಳಿ ತಾಗಿತು. ನಿಂತಿತು. ಮತ್ತ ತಾಗಿತು. ಎಲ್ಲಿಂದೋ ಚೆಂಡುಹೂವಿನ ವಾಸನಿ ಬಂತು.

ಔಷಧದ ತಾಟಿನೊಳಗ ಚಿತ್ರ ಮೆಲ್ಲಕ ಮೂಡಿತು. ಅಂದಾನಪ್ಪ ಕಡದಿಟ್ಟಂಗ ನಿಚ್ಚಳ ಇದ್ದ. ಅವ್ವನ ಎದಿ ಮ್ಯಾಲಿನ ಹಾರ ಮಾತ್ರ ಏರಿ ಇಳದು, ಹೂವೆಲ್ಲಾ ಎರಡೆರಡಾಗಿದ್ದವು.

ಸಂಜಿಗೆ ಅಂದಾನಪ್ಪ ಬಂದ. ಎರಡೂ ಪ್ರಿಂಟ್ ಮುಂದಿಟ್ಟೆ. ಹಾರ್ಡ್ ಪೇಪರಿನದನ್ನ ಭಾಳ ಹೊತ್ತು ನೋಡಿ, ಬೋರಲ ಇಟ್ಟ.

"ಬೂದಿ ಬಣ್ಣದ್ದಽ ಕೊಡ್ರಿ," ಅಂದ. "ಮಣ್ಣ ಮಾಡಿ ಆಗೇತಿ."