ಆಗಸ್ಟ್ ಇಪ್ಪತ್ತರ ಮಧ್ಯಾಹ್ನದ ಪಾಠ

"ಅಕ್ಕೋರ, ನನ್ನ ಕೆಲಸ ನಾನ ಕದ್ದೇನಂತ್ರಿ," ಎಂದರು ಹುಮಾ. ಕೊಟ್ಟ ಚಹಾ ಮುಟ್ಟಿರಲಿಲ್ಲ.

ನಮ್ಮ ಬಾನುಬಿ ಅಕ್ಕೋರು ನಿವೃತ್ತ ಶಾಲಾ ಇನ್‌ಸ್ಪೆಕ್ಟರ್. ಇಂಡಿ ಊರಲ್ಲಿ ಯಾವ ಗೋಜಲು ಎದ್ದರೂ ಜನ ಅವರ ಪಡಸಾಲೆಗೇ ಬರುತ್ತಾರೆ. ನಾನು ಅವರ ಕಚೇರಿಯ ಗುಮಾಸ್ತನಾಗಿದ್ದವನು, ಈಗಲೂ ಅವರ ಬೆನ್ನು ಬಿಟ್ಟಿಲ್ಲ.

ಹುಮಾ ವಿಶ್ವವಿದ್ಯಾಲಯದಲ್ಲಿ ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕಿ. 2018ರಲ್ಲಿ ಹಲಸಂಗಿ, ಸಾಲೋಟಗಿ ಕಡೆಯ ಶಾಲೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಮಕ್ಕಳು ಲೆಕ್ಕದಲ್ಲಿ ಎಲ್ಲಿ ಎಡವುತ್ತಾರೆಂದು ನಲವತ್ತು ಪಾಠ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದರು. ಓದಲೆಂದು ಆ ವಹಿಯನ್ನು ವಿಭಾಗದ ಮುಖ್ಯಸ್ಥ ಅನೀಲಕುಮಾರರಿಗೆ ಕೊಟ್ಟರು, ಅದು ತಿರುಗಿ ಬರಲೇ ಇಲ್ಲ. ಈಗ ಹುಮಾ ತಮ್ಮಲ್ಲಿದ್ದ ನಕಲಿನಿಂದ ಬರೆದ ಪುಸ್ತಕ ಅಚ್ಚಾದ ಮೇಲೆ ಮುಖ್ಯಸ್ಥರು ತಮ್ಮ ಕೈಬರಹದ ಡೈರಿ ತೋರಿಸಿದ್ದರು. ಅವೇ ಪಾಠಗಳು, ಅವೇ ಮಕ್ಕಳ ಮಾತುಗಳು, ಆದರೆ ತಾರೀಖು ಮಾತ್ರ ಹುಮಾರದಕ್ಕಿಂತ ಎರಡು ವರ್ಷ ಹಿಂದಿನದು. ಕದ್ದವರು ಹುಮಾ ಎಂದು ಅವರ ದೂರು. ಸೋಮವಾರ ವಿಚಾರಣೆ. ಸೋತರೆ ನೌಕರಿ ಹೋಗುತ್ತಿತ್ತು.

ಕೇಳಿ ನನಗೆ ಮೈಯೆಲ್ಲ ಉರಿಯಿತು. ಅಕ್ಕೋರು ಮಾತ್ರ ಪುಸ್ತಕವನ್ನೂ ಡೈರಿಯ ನಕಲನ್ನೂ ಪಕ್ಕಪಕ್ಕದಲ್ಲಿಟ್ಟು ಸಂಜೆತನಕ ಓದಿದರು. ಆಮೇಲೆ ನನ್ನ ಮೊಬೈಲ್ ಇಸಿದುಕೊಂಡು ಹಳೆಯ ಕ್ಯಾಲೆಂಡರ್ ನೋಡಿದರು.

ಸೋಮವಾರ ಅಕ್ಕೋರು ಹುಮಾರ ಸಹಾಯಕಿಯಾಗಿ ವಿಚಾರಣಾ ಸಮಿತಿಯ ಮುಂದೆ ಕುಳಿತರು, ಕಾಗದ ಹಿಡಿದು ನಾನು ಹಿಂದೆ. ಅನೀಲಕುಮಾರರೂ ಇದ್ದರು, ಇಸ್ತ್ರಿ ಮುರಿಯದ ಅಂಗಿಯಲ್ಲಿ. ಅಕ್ಕೋರು ಮೇಜಿನ ಮೇಲಿದ್ದ ಮೂಲ ಡೈರಿಯ ಒಂದು ಪುಟ ತೆರೆದರು: 2016, ಆಗಸ್ಟ್ 20, ಐದನೇ ತರಗತಿ, ಭಾಗಾಕಾರ, ಮಧ್ಯಾಹ್ನ ಮೂರು ಗಂಟೆ.

"ಈ ಪಾಠ ನೀವ ಕುಂತು ನೋಡೀರೇನ್ರಿ?"

"ಹೌದ್ರಿ. ನಾಕರ ತನಕ ಅಲ್ಲೇ ಇದ್ದೆ."

"ಹುಡುಗರು ಇದ್ರೇನ್ರಿ?"

"ಮೂವತ್ತೆರಡು ಮಂದಿ."

ಆಗ ಅಕ್ಕೋರು ಒಂದೊಂದೇ ಎಳೆ ಬಿಡಿಸಿ ಹೇಳಿದರು. ಹುಮಾರ ಪುಸ್ತಕದಲ್ಲಿ ಈ ಪಾಠದ ತಾರೀಖು 2018ರ ಆಗಸ್ಟ್ 20, ಅಂದು ಸೋಮವಾರ. ನಕಲು ಮಾಡಿದವರು ದಿನ, ತಿಂಗಳು, ಗಂಟೆ ಯಾವುದನ್ನೂ ಮುಟ್ಟದೆ ವರ್ಷವೊಂದನ್ನೇ ಹಿಂದಕ್ಕೆ ಸರಿಸಿದ್ದರು. 2016ರಲ್ಲಿ ಆ ತಾರೀಖು ಶನಿವಾರ ಬಿದ್ದಿತ್ತು. ಇಂಥ ಎಂಟು ಶನಿವಾರಗಳು ಡೈರಿಯಲ್ಲಿದ್ದವು, ಎಂಟರಲ್ಲೂ ಮಧ್ಯಾಹ್ನದ ಪಾಠ.

"ಶನಿವಾರ ಮುಂಜಾನಿ ಸಾಲಿ ಇರ್ತೈತ್ರಿ. ಮಧ್ಯಾಹ್ನ ಮೂರಕ್ಕ ಬಾಗಲಿಗೆ ಕೀಲಿ ಬಿದ್ದಿರ್ತೈತಿ. ಇದು ಹಳ್ಳಿ ಕೂಸಿಗೂ ಗೊತ್ತು. ಇಪ್ಪತ್ತೆರಡು ವರ್ಷ ಮಾಸ್ತರಗೋಳನ್ನ ತಯಾರ ಮಾಡಿದ ನಿಮಗ ಗೊತ್ತಿಲ್ಲ, ಯಾಕಂದ್ರ ನೀವು ಸಾಲಿ ಮೆಟ್ಟಲಾನ ಹತ್ತಿಲ್ಲ."

ಅನೀಲಕುಮಾರರು ಡೈರಿಯನ್ನು ತಮ್ಮತ್ತ ಎಳೆದುಕೊಳ್ಳಲು ನೋಡಿದರು. ಅಕ್ಕೋರು ಅದರ ಮೇಲಿಂದ ಕೈ ತೆಗೆಯಲಿಲ್ಲ.

ಸಮಿತಿಯ ಅಧ್ಯಕ್ಷರು ಬೆವರು ಒರೆಸಿಕೊಂಡು, ವಿಭಾಗದ ಮರ್ಯಾದೆಯ ಪ್ರಶ್ನೆ, ಇಲ್ಲಿಗೇ ಮುಗಿಸೋಣ, ಅನೀಲಕುಮಾರರು ಇಲ್ಲೇ ಕ್ಷಮೆ ಕೇಳುತ್ತಾರೆ ಎಂದರು. ಕದ್ದವನ ಮರ್ಯಾದೆಗೆ ಇಷ್ಟು ಮಂದಿ ಕಾವಲು! ನನ್ನ ನಾಲಗೆ ತುದಿಗೆ ಬಂದದ್ದನ್ನು ಹುಮಾ ಹೇಳಲು ಬಿಡಲಿಲ್ಲ, ಎದ್ದು ನಿಂತರು.

"ನಾ ಕಳ್ಳಿ ಅಂತ ನಾಕು ತಿಂಗಳ ನೋಟೀಸ್ ಬೋರ್ಡಿಗೆ ಹಚ್ಚಿದ್ರಿ. ನನ್ನ ವಿದ್ಯಾರ್ಥಿಗಳು ದಿನಾ ಅದನ್ನ ಓದಿ ಕ್ಲಾಸಿಗೆ ಬಂದಾರ. ಕದ್ದವರು ಯಾರು ಅಂತ ಬರದು ಅದನ್ನೂ ಅಲ್ಲೇ ಹಚ್ಚರಿ. ಅಲ್ಲೀತನಕ ನಾ ಈ ಕೋಣಿ ಬಿಟ್ಟು ಹೋಗಂಗಿಲ್ಲ."